ಉಪ್ಪು ನೀರಿನ ಕಾಡಿನಲ್ಲಿ ಒಂದು ಬೆಳಗು

ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದರು. ದೊಡ್ಡವಳು ಆರನೆಯ ತರಗತಿ, ಚಿಕ್ಕವನು ಮೂರನೆಯ ತರಗತಿ. ಮೊದಲ ಎರಡು ದಿನ ಸಮುದ್ರದ ದಂಡೆ, ಮರಳಿನ ಕೋಟೆ, ಐಸ್‌ಕ್ರೀಂ ಎಂದು ಹೊತ್ತು ಹೋಯಿತು. ಮೂರನೆಯ ದಿನ ಬೆಳಗ್ಗೆ ದೋಸೆ ತಿನ್ನುತ್ತಿದ್ದ ಚಿಕ್ಕವನು ಕೇಳಿದ: “ಅಜ್ಜಾ, ನಿಮ್ಮೂರಲ್ಲಿ ಸಫಾರಿ ಇಲ್ವಾ? ನನಗೆ ಕಾಡುಪ್ರಾಣಿ ನೋಡಬೇಕು.”

“ಇದೆ. ಆದರೆ ಜೀಪು ಇಲ್ಲ, ನಡೆದೇ ನೋಡಬೇಕು. ಆ ಕಾಡಿನೊಳಗೆ ದಿನಕ್ಕೆ ಎರಡು ಸಲ ಸಮುದ್ರ ಬಂದು ಹೋಗುತ್ತದೆ” ಎಂದೆ.

ಅವನು ದೋಸೆ ಬಿಟ್ಟು ನನ್ನ ಮುಖ ನೋಡಿದ. ಅಜ್ಜ ತಮಾಷೆ ಮಾಡುತ್ತಿದ್ದಾನೋ ಎಂಬ ಅನುಮಾನ.

“ಕಾಂಡ್ಲಾ ಕಾಡು ಕಣೋ ಪುಟ್ಟಾ. ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿದೆ. ಮರದ ಹಲಗೆಯ ಮೇಲೆ ನಡೆಯುವುದಂತೆ. ನನ್ನ ಮೊಣಕಾಲಿಗೂ ತೊಂದರೆಯಿಲ್ಲ, ನಾನೂ ಬರುತ್ತೇನೆ” ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ.

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿಯ ಹತ್ತಿರದ ಹಳ್ಳಿಯಲ್ಲಿ. ಹೊನ್ನಾವರ ಕುಮಟೆಯಿಂದ ಇಪ್ಪತ್ತು ಕಿಲೋಮೀಟರ್ ಆದೀತು. ಆದರೆ ಈ ಕಾಡಿಗೆ ಹೊರಡುವ ಮೊದಲು ಬಸ್ಸಿನ ಹೊತ್ತಿಗಿಂತ ನೀರಿನ ಹೊತ್ತು ನೋಡಬೇಕು. ನೀರು ಇಳಿದಾಗ ಹೋದರೆ ಕೆಸರಿನ ಪ್ರಾಣಿಗಳು ಕಾಣುತ್ತವೆ. ನೀರು ಏರಿದಾಗ ಹೋದರೆ ಬರೀ ಮರ, ನೀರು.

ನಮ್ಮ ಮನೆಗೆ ಮೀನು ತರುವ ಹೆಂಗಸಿಗೆ ಕೇಳಿದೆ. ಅವಳು ಬೆರಳು ಮಡಚಿ ತಿಥಿ ಎಣಿಸಿ, “ನಾಳೆ ಅಮಾಸೆ ಕಳೆದು ಐದ್ನೇ ದಿವ್ಸ ಅಲ್ದಾ ಮಾಸ್ತರ್ರೆ, ಒಂಬತ್ತು ಗಂಟೆ ಸುಮಾರಿಗೆ ನೀರು ಪೂರಾ ಇಳೀತದೆ” ಎಂದಳು.

“ಫೋನಲ್ಲಿ ನೋಡದೆ ಹೇಗೆ ಗೊತ್ತಾಯ್ತು?” ಎಂದು ಮೊಮ್ಮಗಳು ಬೆರಗಾದಳು.

ಮಕ್ಕಳೇ, ಸಮುದ್ರದ ಭರತ ಮತ್ತು ಇಳಿತ ಮುಖ್ಯವಾಗಿ ಚಂದ್ರನ ಸೆಳೆತದಿಂದ ಆಗುತ್ತವೆ. ಸೂರ್ಯನ ಸೆಳೆತವೂ ಸ್ವಲ್ಪ ಸೇರಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಚಂದ್ರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಹುಟ್ಟುವಂತೆ ನೀರೂ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಏರುತ್ತದೆ. ಅಮಾವಾಸ್ಯೆಯ ಹೊತ್ತು ಗೊತ್ತಿದ್ದರೆ ಉಳಿದ ದಿನಗಳದ್ದು ಲೆಕ್ಕ ಹಾಕಬಹುದು. ನಮ್ಮ ಮೀನುಗಾರರಿಗೆ ಈ ಲೆಕ್ಕ ಬಾಯಿಪಾಠ.

ಸೇತುವೆಯ ಆಚೆ

ಮರುದಿನ ಬೆಳಗಿನ ಬಸ್ಸು ಹಿಡಿದೆವು. ಹೊನ್ನಾವರದ ಪೇಟೆ ದಾಟಿದ ಕೂಡಲೇ ಶರಾವತಿ ಸೇತುವೆ. ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ನೀರು, ನಡುವೆ ತೆಂಗಿನ ಮರ ತುಂಬಿದ ದ್ವೀಪಗಳು. ದೂರದಲ್ಲಿ ಕೊಂಕಣ ರೈಲ್ವೆಯ ಸೇತುವೆ. ಅದು ಸುಮಾರು 2 ಕಿಲೋಮೀಟರ್ ಉದ್ದ. ಆ ದಾರಿಯ ಸೇತುವೆಗಳಲ್ಲೆಲ್ಲ ಅದೇ ಉದ್ದದ್ದು.

“ಇದೇ ನದಿ ಜೋಗದಲ್ಲಿ ಬೀಳುವುದಾ?” ಎಂದಳು ದೊಡ್ಡವಳು.

“ಇದೇ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಇಲ್ಲಿ ಬಂದು ಸಮುದ್ರ ಸೇರುತ್ತಾಳೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಇಂಥ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಕಾಂಡ್ಲಾ ಬೆಳೆಯುವುದು ಇಲ್ಲೇ.”

ಸೇತುವೆ ದಾಟಿದರೆ ಕಾಸರಕೋಡು. ಹೆದ್ದಾರಿಯಿಂದ ಸ್ವಲ್ಪ ದೂರದಲ್ಲೇ ಅರಣ್ಯ ಇಲಾಖೆಯವರು ಮಾಡಿದ ‘ಶರಾವತಿ ಕಾಂಡ್ಲಾ’ ನಡಿಗೆದಾರಿ. ಟಿಕೆಟ್ ಪಡೆದು ಒಳಗೆ ಹೋದರೆ ಕೆಸರಿನ ಮೇಲೆ ಕಂಬ ನಿಲ್ಲಿಸಿ ಹಾಸಿದ ಹಲಗೆಯ ದಾರಿ, ಎರಡೂ ಬದಿಗೆ ಹಿಡಿಕೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ರಸ್ತೆಯ ಲಾರಿಗಳ ಸದ್ದು ಸಣ್ಣಗಾಯಿತು. ತಲೆಯ ಮೇಲೆ ಹಸಿರು ಚಪ್ಪರ, ಕಾಲ ಕೆಳಗೆ ಬೇರುಗಳ ಜಾಲ.

ಚಿಕ್ಕವನು ಮೂಗು ಮುಚ್ಚಿಕೊಂಡ. “ಛೀ, ಕೊಳೆತ ಮೊಟ್ಟೆ ವಾಸನೆ! ಇದೇನಾ ಸಫಾರಿ? ಬರೀ ಕೆಸರು.”

ಅವನ ಮಾತು ಕೇಳಿ ಅಲ್ಲಿನ ಕಾವಲಿನವರು ನಗುತ್ತ ಹತ್ತಿರ ಬಂದರು. “ತಮ್ಮಾ, ಮೂಗು ಮುಚ್ಚಿಕೊಂಡಿದ್ದರೂ ಅಡ್ಡಿಯಿಲ್ಲ, ಬಾಯಿ ಮಾತ್ರ ಮುಚ್ಚಿಕೊಳ್ಳಬೇಕು. ಐದು ನಿಮಿಷ ಅಲುಗಾಡದೆ ನಿಂತು ಕೆಳಗೆ ನೋಡು.”

ವಾಸನೆಗೂ ಕಾರಣವಿದೆ. ಎಲೆ, ಸೊಪ್ಪು, ಕಡ್ಡಿ ಎಲ್ಲ ಈ ಕೆಸರಿನಲ್ಲಿ ಹೂತು ಕೊಳೆಯುತ್ತವೆ. ಕೆಸರಿನ ಒಳಗೆ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಗಂಧಕದ ವಾಸನೆಯ ಅನಿಲ ಬಿಡುತ್ತವೆ. ಹಾಗೆ ಕೊಳೆತದ್ದೇ ಈ ಕಾಡಿನ ಗೊಬ್ಬರ, ಸಣ್ಣ ಜೀವಿಗಳ ಊಟ.

ಕೆಸರು ಎದ್ದು ನಡೆಯಿತು

ನಿಂತೆವು. ಮೊದಲ ನಿಮಿಷ ಏನೂ ಇಲ್ಲ. ಎರಡನೆಯ ನಿಮಿಷ ಕೆಸರಿನ ಒಂದು ತುಣುಕು ಜಿಗಿಯಿತು.

“ಅಜ್ಜಾ, ಮೀನು! ಮೀನು ನಡೀತಾ ಇದೆ!” ಚಿಕ್ಕವನ ಕೈ ಮೂಗಿನಿಂದ ತಾನಾಗಿ ಇಳಿಯಿತು.

ಅದು ಮಡ್‌ಸ್ಕಿಪ್ಪರ್, ಕೆಸರಿನಲ್ಲಿ ಜಿಗಿಯುವ ಮೀನು. ಬೆರಳಿನಷ್ಟು ಉದ್ದ, ಮೈ ಬಣ್ಣ ಕೆಸರಿನದ್ದೇ. ಕಪ್ಪೆಯಂತೆ ಕಣ್ಣು ತಲೆಯ ಮೇಲೆ. ಎದೆಯ ಎರಡು ಈಜುರೆಕ್ಕೆಗಳನ್ನು ಮೊಣಕೈಯಂತೆ ಊರಿ ಮುಂದಕ್ಕೆ ಸರಿಯುತ್ತದೆ, ಬಾಲ ಬಡಿದು ಜಿಗಿಯುತ್ತದೆ. ನೀರಿನ ಹೊರಗೆ ಹೇಗೆ ಬದುಕುತ್ತದೆ? ಕಿವಿರಿನ ಗೂಡಿನಲ್ಲಿ ನೀರು ತುಂಬಿಕೊಂಡು ಬಂದಿರುತ್ತದೆ. ಜೊತೆಗೆ ಒದ್ದೆ ಚರ್ಮದಿಂದಲೂ ಬಾಯಿಯ ಒಳಪದರದಿಂದಲೂ ಗಾಳಿ ಹೀರಿಕೊಳ್ಳುತ್ತದೆ. ಮೈ ಒಣಗಿತು ಅನ್ನಿಸಿದರೆ ಕೆಸರಿನಲ್ಲಿ ಒಮ್ಮೆ ಹೊರಳುತ್ತದೆ.

ಕಣ್ಣು ಕೆಸರಿಗೆ ಹೊಂದಿಕೊಂಡ ಮೇಲೆ ಒಂದಲ್ಲ, ಹತ್ತು ಕಂಡವು. ಅವುಗಳ ನಡುವೆ ಸಣ್ಣ ಸಣ್ಣ ಬಿಲಗಳಿಂದ ಏಡಿಗಳು ಹೊರಬಂದವು. ಕೆಲವಕ್ಕೆ ಒಂದು ಕೊಂಡಿ ಚಿಕ್ಕದು, ಇನ್ನೊಂದು ಮೈಯಷ್ಟೇ ದೊಡ್ಡದು. ಆ ದೊಡ್ಡ ಕೊಂಡಿಯನ್ನು ಮೇಲೆ ಕೆಳಗೆ ಬೀಸುತ್ತಿದ್ದವು.

“ನಮ್ಮನ್ನು ಕರೀತಾ ಇದೆ” ಎಂದ ಚಿಕ್ಕವನು.

“ನಿನ್ನನ್ನಲ್ಲ, ಹೆಣ್ಣೇಡಿಯನ್ನು” ಎಂದರು ಕಾವಲಿನವರು. ದೊಡ್ಡ ಕೊಂಡಿ ಇರುವುದು ಗಂಡಿಗೆ ಮಾತ್ರ. ಹೆಣ್ಣಿಗೆ ಎರಡೂ ಚಿಕ್ಕವು. ಗಂಡು ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ಬೇರೆ ಗಂಡನ್ನು ಹೆದರಿಸುತ್ತದೆ. ತಿನ್ನಲು ಮಾತ್ರ ಅದು ಪ್ರಯೋಜನವಿಲ್ಲ. ಚಿಕ್ಕ ಕೊಂಡಿಯಿಂದಲೇ ಕೆಸರನ್ನು ಬಾಯಿಗಿಟ್ಟು, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಗುಂಡು ಮಾಡಿ ಉಗುಳುತ್ತದೆ. ಬಿಲದ ಸುತ್ತ ಸಾಸಿವೆ, ಮೆಣಸಿನ ಕಾಳಿನಂತೆ ಬಿದ್ದಿದ್ದ ಕೆಸರಿನ ಗುಂಡುಗಳನ್ನು ನೋಡಿ ನನ್ನ ಹೆಂಡತಿ, “ಊಟ ಮಾಡಿದ ಜಾಗದಲ್ಲಿ ಅನ್ನದ ಅಗುಳು ಉದುರಿಸುತ್ತೀಯಲ್ಲ, ಹಾಗೆ” ಎಂದು ಮೊಮ್ಮಗನ ಕಿವಿ ಹಿಂಡಿದಳು.

ಈ ಏಡಿಗಳು ತೋಡುವ ಬಿಲಗಳಿಂದಲೇ ಕೆಸರಿನ ಒಳಗೆ ಒಂದಿಷ್ಟು ಗಾಳಿ, ನೀರು ಆಡುತ್ತದೆ. ಮರಕ್ಕೂ ಅದರಿಂದ ಉಪಕಾರ.

“ಮೊಸಳೆ?” ಎಂದು ಚಿಕ್ಕವನು ಕೊನೆಯ ಆಸೆಯಿಂದ ಕೇಳಿದ. ಉಪ್ಪುನೀರಿನ ಮೊಸಳೆ ನೋಡಲು ಒಡಿಶಾದ ಭಿತರಕನಿಕಾಕ್ಕೆ ಹೋಗಬೇಕು, ಕಾಂಡ್ಲಾ ಕಾಡಿನ ಹುಲಿ ನೋಡಲು ಬಂಗಾಳದ ಸುಂದರಬನಕ್ಕೆ ಹೋಗಬೇಕು ಎಂದೆ. ಅವನಿಗೆ ಅಷ್ಟೇನೂ ಬೇಸರವಾಗಲಿಲ್ಲ. ಆಗಲೇ ಎರಡು ಮೀನುಗಳು ರೆಕ್ಕೆ ಬಿಚ್ಚಿ ಜಗಳಕ್ಕೆ ನಿಂತಿದ್ದವು.

ಬೇರು ಮೇಲೆ, ಮೊಳಕೆ ಮರದಲ್ಲಿ

ದೊಡ್ಡವಳಿಗೆ ಪ್ರಾಣಿಗಳಿಗಿಂತ ಬೇರುಗಳ ಮೇಲೆ ಕಣ್ಣು. ಒಂದು ಜಾತಿಯ ಮರ ಕಾಂಡದಿಂದಲೇ ಕಮಾನಿನಂತೆ ಬೇರು ಇಳಿಸಿ, ಹತ್ತಾರು ಊರುಗೋಲು ಹಿಡಿದು ನಿಂತಂತಿತ್ತು. ಅದೇ ಕಾಂಡ್ಲಾ. ಇನ್ನೊಂದರ ಸುತ್ತ ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ನೂರಾರು ಮೊನೆಗಳು ಮೇಲೆದ್ದಿದ್ದವು. ಅದು ಉಪ್ಪಟಿ.

“ಬೇರು ಕೆಳಗೆ ಹೋಗಬೇಕಲ್ವಾ? ಇದು ಯಾಕೆ ಮೇಲೆ ಬಂದಿದೆ?”

“ಉಸಿರಾಡುವುದಕ್ಕೆ” ಎಂದೆ. ಗಾಳಿ ಇಲ್ಲದ ಕೆಸರಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಬೇರು ಮೂಗು ಮೇಲೆತ್ತುತ್ತದೆ. ಈ ಉಸಿರುಬೇರುಗಳ ಮೇಲೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನೀರು ಇಳಿದಾಗ ಗಾಳಿ ಎಳೆದುಕೊಳ್ಳುತ್ತವೆ.

ಉಪ್ಪಿನ ಕಥೆಯೂ ಹೀಗೇ. ನಮ್ಮ ಹಿತ್ತಿಲಿನ ದಾಸವಾಳಕ್ಕೆ ಉಪ್ಪುನೀರು ಹಾಕಿದರೆ ವಾರದಲ್ಲಿ ಒಣಗುತ್ತದೆ. ಕಾಂಡ್ಲಾ ಬೇರಿನಲ್ಲೇ ಹೆಚ್ಚಿನ ಉಪ್ಪನ್ನು ತಡೆದು ನೀರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಉಪ್ಪಟಿ ಒಳಗೆ ಬಂದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಹಿಡಿಕೆಯ ಹತ್ತಿರ ಬಾಗಿದ್ದ ಒಂದು ಎಲೆಯನ್ನು ಕೀಳದೆ, ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿಕೊಂಡೆ. ಮಕ್ಕಳೂ ಹಾಗೇ ಮಾಡಿದರು. “ಚಿಪ್ಸ್!” ಎಂದ ಚಿಕ್ಕವನು.

ಕಾವಲಿನವರು ಮೇಲೆ ತೋರಿಸಿದರು. ಕೊಂಬೆಯಿಂದ ಎಳೆ ನುಗ್ಗೆಕಾಯಿಯಂಥವು ಜೋತಾಡುತ್ತಿದ್ದವು. ಆದರೆ ಅವು ಕಾಯಿಯಲ್ಲ, ಸಸಿ! ಕಾಂಡ್ಲಾದ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆಯುತ್ತದೆ. ಈಗ ಗೇಣುದ್ದ ಇರುವುದು ಮಳೆಗಾಲದ ಹೊತ್ತಿಗೆ ಮೊಳದುದ್ದ ಆಗಿ ಕಳಚಿ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಲವು ಸಲ ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ. ಭರತದಲ್ಲಿ ಬಿದ್ದರೆ ತೇಲುತ್ತ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ತೇಲಿದರೂ ಸಾಯದೆ, ಮೆತ್ತನೆಯ ಕೆಸರು ಸಿಕ್ಕ ಕಡೆ ಬೇರು ಬಿಡುತ್ತದೆ.

“ಅಮ್ಮ ಮಗುವನ್ನು ದೊಡ್ಡದು ಮಾಡಿ ಶಾಲೆಗೆ ಕಳಿಸಿದ ಹಾಗೆ” ಎಂದಳು ಅಜ್ಜಿ.

ಈ ಕಾಂಡ್ಲಾ ಎಂಬ ಹೆಸರಿಗೂ ದೊಡ್ಡ ಪ್ರಯಾಣವಿದೆ. ಮಲಬಾರಿನಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಅಲ್ಲಿನ ಗಿಡಮರಗಳ ಬಗ್ಗೆ 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥ ಮಾಡಿಸಿದ. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಈ ಮರಗಳನ್ನು ಊರಿನವರು ಕರೆಯುವ ‘ಕಂಡೆಲ್’ ಎಂಬ ಹೆಸರಿನಲ್ಲೇ ಬರೆದಿದ್ದರು. ಮುಂದೆ ವಿಜ್ಞಾನಿಗಳು ಒಂದು ಜಾತಿಗೆ ‘ಕಂಡೇಲಿಯಾ ಕಂಡೆಲ್’ ಎಂದೇ ಹೆಸರಿಟ್ಟರು. ನಮ್ಮ ಪಶ್ಚಿಮ ಕರಾವಳಿಯ ಹಳ್ಳಿಯ ಮಾತು ಇಂದು ಪ್ರಪಂಚದ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿದೆ. ಇದನ್ನು ಹೇಳಿದಾಗ ದೊಡ್ಡವಳು ತನ್ನ ನೋಟುಪುಸ್ತಕ ತೆಗೆದು ಬರೆದುಕೊಂಡಳು.

ನೀರು ಬಂತು

ಹತ್ತೂವರೆ ಹೊತ್ತಿಗೆ ನೀರು ತಿರುಗಿತು. ಮೊದಲು ಸಣ್ಣ ಕಾಲುವೆಯಲ್ಲಿ ಒಂದು ಗೆರೆಯಂತೆ ಬಂತು. ಏಡಿಗಳು ಒಂದೊಂದಾಗಿ ಬಿಲ ಸೇರಿದವು. ಮಡ್‌ಸ್ಕಿಪ್ಪರುಗಳು ಬೇರುಗಳ ಮೇಲೆ ಹತ್ತಿ ಕುಳಿತವು. ಪೆನ್ಸಿಲ್ ಬೇರುಗಳು ತುದಿ ಮಾತ್ರ ಉಳಿಸಿಕೊಂಡವು. ಸದ್ದೇ ಇಲ್ಲದೆ ಕೆಸರಿನ ನೆಲ ನೀರಿನ ನೆಲವಾಯಿತು.

ನೀರಿನ ಜೊತೆ ಸಣ್ಣ ಮೀನಿನ ಮರಿಗಳು ಬಂದವು. ಅವುಗಳ ಹಿಂದೆಯೇ ಹಕ್ಕಿಗಳು. ಬೆಳ್ಳಕ್ಕಿ ಒಂದು ಕಾಲೆತ್ತಿ ನಿಂತಿತು. ಹವಳದಂಥ ಕೆಂಪು ಕೊಕ್ಕು, ಕಪ್ಪು ಟೊಪ್ಪಿಗೆ, ನೇರಳೆ ನೀಲಿ ಬೆನ್ನಿನ ಕರಿತಲೆಯ ಮಿಂಚುಳ್ಳಿ ಕೊಂಬೆಯಿಂದ ನೇರ ನೀರಿಗೆ ಬಿದ್ದು ಮೀನು ಕಚ್ಚಿ ಹಾರಿತು. ಸೇತುವೆಯ ಕಡೆ ಬಿಳಿ ತಲೆಯ ಗರುಡ ಸುತ್ತು ಹಾಕುತ್ತಿತ್ತು. ದಂಡೆಯಲ್ಲಿ ಬಾಲ ಕುಣಿಸುತ್ತ ಓಡಾಡುತ್ತಿದ್ದ ಪುಟ್ಟ ಗೊರವ ಹಕ್ಕಿಯನ್ನು ತೋರಿಸಿ, “ಇದು ಚಳಿಗಾಲದ ನೆಂಟ. ಹಿಮಾಲಯ ಮತ್ತು ಅದರಾಚೆಯ ತಣ್ಣನೆಯ ನಾಡುಗಳಿಂದ ಬರುತ್ತದೆ. ಬೇಸಿಗೆಗೆ ವಾಪಸ್ಸು” ಎಂದೆ.

“ನಮ್ಮ ಹಾಗೆ, ರಜೆಗೆ” ಎಂದ ಚಿಕ್ಕವನು.

ಸೀಗಡಿ, ಏಡಿ, ಎಷ್ಟೋ ಬಗೆಯ ಮೀನುಗಳು ಮರಿಯಾಗಿದ್ದಾಗ ಈ ಬೇರುಗಳ ನಡುವೆಯೇ ಬೆಳೆಯುತ್ತವೆ. ದೊಡ್ಡ ಮೀನು ಒಳಗೆ ನುಗ್ಗಲಾರದು, ತಿನ್ನಲು ಬೇಕಾದಷ್ಟು ಇರುತ್ತದೆ. ಇದು ಸಮುದ್ರದ ಬಾಲವಾಡಿ. “ಕಾಂಡ್ಲಾ ಇದ್ದಲ್ಲಿ ಶೆಟ್ಲಿ” ಎಂದು ನಮ್ಮ ಕಡೆಯ ಮೀನುಗಾರರು ಸುಮ್ಮನೆ ಹೇಳುವುದಿಲ್ಲ. ನಮ್ಮಲ್ಲಿ ಶೆಟ್ಲಿ ಎಂದರೆ ಸೀಗಡಿ.

ಆದರೆ ಈ ಕಾಡು ಉಪ್ಪು ಮತ್ತು ಸಿಹಿಯ ಹದದ ಮೇಲೆ ನಿಂತಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ನಮಗೆಲ್ಲ ವಿದ್ಯುತ್ತು ಸಿಕ್ಕಿತು. ವಿದ್ಯುತ್ತು ಮಾಡಿದ ನೀರು ಬೇಸಿಗೆಯಲ್ಲೂ ನದಿಗೆ ಹರಿಯುವುದರಿಂದ ಅಳಿವೆಯ ಉಪ್ಪು ಕಡಿಮೆಯಾಯಿತು. ಉಪ್ಪು ಬೇಕಾದ ಬಳಚು ಮುಂತಾದ ಚಿಪ್ಪಿನ ಜೀವಿಗಳು ಇಲ್ಲಿ ಬಹಳ ಕಡಿಮೆಯಾದವು. ಪಕ್ಕದ ನಮ್ಮ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಇಂದಿಗೂ ನೀರು ಇಳಿದಾಗ ಹೆಂಗಸರು, ಗಂಡಸರು ಬಳಚು ಹೆಕ್ಕಲು ನದಿಗೆ ಇಳಿಯುತ್ತಾರೆ. ಆ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಪ್ರಪಂಚದ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಅಜ್ಜ ಹೇಳದೆ ಉಳಿಸಿಕೊಂಡಿದ್ದ ಮಾತು

ನೀರು ಬೇರುಗಳನ್ನು ಮುಚ್ಚುತ್ತಿತ್ತು. ಒಂದು ಬೇರಿಗೆ ಕುರುಕಲು ತಿಂಡಿಯ ಪೊಟ್ಟಣ ಸಿಕ್ಕಿಕೊಂಡಿತ್ತು, ನೀರು ಏರಿದಂತೆ ಅದೂ ಏರುತ್ತಿತ್ತು. ದೊಡ್ಡವಳು ಅದನ್ನೇ ನೋಡುತ್ತ ಕೇಳಿದಳು: “ಅಜ್ಜಾ, ಈ ಮರಗಳನ್ನೆಲ್ಲ ಕಡಿದರೆ ಏನಾಗುತ್ತದೆ?”

ನಾನು ಮೂವತ್ತೈದು ವರ್ಷ ಪಾಠ ಮಾಡಿದವನು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ತಮಿಳುನಾಡಿನ ಪಿಚ್ಚಾವರಂ ಕಡೆ ಕಾಂಡ್ಲಾ ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಹಾನಿ ಕಡಿಮೆಯಾಯಿತು ಎಂದು ಉತ್ತರ ಹೇಳಬಹುದಿತ್ತು. ಅದೂ ನಿಜ. ಆದರೆ ಅವತ್ತು ನನ್ನ ಬಾಯಿಗೆ ಬಂದದ್ದು ಬೇರೆ.

“ನಾನು ಕಡಿದಿದ್ದೇನೆ” ಎಂದೆ.

ಹೆಂಡತಿಯೂ ತಿರುಗಿ ನೋಡಿದಳು. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ.

ನಾನು ಆಗ ಆರನೆಯ ಇಯತ್ತೆ. ನಮ್ಮ ಕಡೆ ತರಗತಿಗೆ ಇಯತ್ತೆ ಎನ್ನುತ್ತಿದ್ದರು. ಅಘನಾಶಿನಿಯ ದಂಡೆಯಲ್ಲಿ ನಮಗೆ ಸ್ವಲ್ಪ ಗಜನಿ ಭೂಮಿ ಇತ್ತು. ಗಜನಿ ಎಂದರೆ ನದಿಯ ಉಪ್ಪುನೀರಿಗೆ ಮಣ್ಣಿನ ಕಟ್ಟೆ ಕಟ್ಟಿ ಮಾಡಿದ ಗದ್ದೆ. ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದೆವು. ಕಗ್ಗಕ್ಕೆ ನೆರೆ ಬಂದರೂ, ಒಂದಿಷ್ಟು ಉಪ್ಪು ತಾಗಿದರೂ ಅಡ್ಡಿಯಿಲ್ಲ. ಎತ್ತರಕ್ಕೆ ಬೆಳೆಯುತ್ತದೆ. ಕೊಯ್ಲಿನ ನಂತರ ಅದೇ ಗದ್ದೆಗೆ ನದಿಯ ನೀರು ಬಿಟ್ಟರೆ ಮೀನು, ಶೆಟ್ಲಿ. ಕಟ್ಟೆಯ ಹೊರಗೆ, ನದಿಯ ಕಡೆ, ಕಾಂಡ್ಲಾ ಸಾಲಾಗಿ ನಿಂತಿತ್ತು.

ಶಾಲೆಗೆ ಹೋಗುವ ಮೊದಲು ಗುಡ್ಡಕ್ಕೆ ಹೋಗಿ ಒಲೆಗೆ ಕಟ್ಟಿಗೆ ತರುವುದು ನನ್ನ ಕೆಲಸ. ಗುಡ್ಡ ದೂರ. ಕಾಂಡ್ಲಾ ಹತ್ತಿರ, ಚೆನ್ನಾಗಿ ಉರಿಯುತ್ತದೆ. ಒಂದು ಚಳಿಗಾಲ ಪೂರ್ತಿ ನಾನು ಗುಡ್ಡಕ್ಕೆ ಹೋಗಲಿಲ್ಲ. ಕಟ್ಟೆಯ ಒಂದು ಮೂಲೆಯಲ್ಲಿ ದಿನಕ್ಕೊಂದಿಷ್ಟು ಕಡಿದೆ. ಉಳಿದ ಹೊತ್ತಿನಲ್ಲಿ ಗೋಲಿ ಆಡಿದೆ. ಆ ಮೂಲೆ ಬೋಳಾಯಿತು. ಅಪ್ಪ ನೋಡಿ, “ಯಾರೋ ಬೇರೆ ಊರಿನವರು ರಾತ್ರಿ ದೋಣಿಯಲ್ಲಿ ಬಂದು ಕಡಿದಿದ್ದಾರೆ” ಎಂದ. ನಾನು ಸುಮ್ಮನಿದ್ದೆ.

ಎರಡನೆಯ ಮಳೆಗಾಲದಲ್ಲಿ ನದಿಗೆ ನೆರೆ ಬಂತು. ಅವತ್ತೇ ಅಮಾವಾಸ್ಯೆಯ ದೊಡ್ಡ ಭರತ. ಕಟ್ಟೆ ಒಡೆಯಿತು, ನಾನು ಬೋಳು ಮಾಡಿದ ಮೂಲೆಯಲ್ಲೇ. ಮಣ್ಣಿನ ಕಟ್ಟೆ ಒಡೆಯಲು ಬೇರೆ ಕಾರಣಗಳೂ ಇದ್ದಾವು. ಆದರೆ ಬೇರು ಹಿಡಿದಿದ್ದ ಕಡೆ ಕಟ್ಟೆ ನಿಂತಿತ್ತು, ಬೇರಿಲ್ಲದ ಕಡೆ ಹೋಗಿತ್ತು. ಕಗ್ಗ ಕೊಚ್ಚಿಹೋಯಿತು. ಕಟ್ಟೆ ಸರಿಮಾಡುವಷ್ಟು ಹಣ ಅಪ್ಪನ ಹತ್ತಿರ ಇರಲಿಲ್ಲ. ಮಳೆ ಹೋದ ಮೇಲೆ ದಿನಕ್ಕೆ ಎರಡು ಸಲ ಉಪ್ಪುನೀರು ಗದ್ದೆಗೆ ಬಂದು ಹೋಯಿತು. ಬೇಸಿಗೆಗೆ ನಮ್ಮ ಬಾವಿಯ ನೀರು ಉಪ್ಪಾಯಿತು. ಅಮ್ಮ ಎರಡು ಬೇಸಿಗೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ದೂರದ ದೇವಸ್ಥಾನದ ಬಾವಿಯಿಂದ ಕುಡಿಯುವ ನೀರು ತಂದಳು. ನಾನು ಪ್ರತಿದಿನ ನೋಡುತ್ತಿದ್ದೆ.

“ಅಪ್ಪನಿಗೆ ಆಮೇಲೆ ಹೇಳಿದೆಯಾ?” ಎಂದಳು ಮೊಮ್ಮಗಳು.

“ಇಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಅವನೇ ಹೋಗಿಬಿಟ್ಟ. ಅಮ್ಮನಿಗೂ ಹೇಳಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹೆಂಡತಿ ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು.

ಚಿಕ್ಕವನು ಮಾತ್ರ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆರನೇ ಕ್ಲಾಸು ಅಂದ್ರೆ ನೀನು ಇವಳಷ್ಟೇ ಇದ್ದೆ. ನಿನಗೆ ಗೊತ್ತಿರಲಿಲ್ಲ ಅಲ್ವಾ ಅಜ್ಜಾ?” ಎಂದ.

“ಕಡಿಯುವಾಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳಬೇಕಿತ್ತು.”

ಹೊರಡುವಾಗ ದೊಡ್ಡವಳು ಕಾವಲಿನವರಿಗೆ ಆ ಪೊಟ್ಟಣ ತೋರಿಸಿದಳು. ಅವರು ಉದ್ದದ ಕೋಲು ತಂದು ಅದನ್ನು ಎಳೆದು ತೆಗೆದರು. “ಹೀಗೆ ದಿನಕ್ಕೊಂದು ಚೀಲ ತುಂಬ್ತದೆ ತಂಗೀ. ಇಲ್ಲಿ ಬಂದವರು ಎಸೆದದ್ದು ಮಾತ್ರ ಅಲ್ಲ, ನದಿಗುಂಟ ತೇಲಿ ಬಂದದ್ದೂ ಇಲ್ಲೇ ಸಿಕ್ಕಿಕೊಳ್ತದೆ” ಎಂದರು. ಉಸಿರುಬೇರಿನ ಮೇಲೆ ಪ್ಲಾಸ್ಟಿಕ್ ಹೊದ್ದರೆ ಅದು ಉಸಿರಾಡುವುದು ಹೇಗೆ?

ನೀವೂ ಹೋಗುವಿರಾದರೆ

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಿ. ಹಲಗೆಯ ದಾರಿ ಸಮತಟ್ಟಾಗಿರುವುದರಿಂದ ನಿಧಾನವಾಗಿ ನಡೆಯಬಹುದು. ಒದ್ದೆಯಾಗಿದ್ದರೆ ಜಾರುತ್ತದೆ, ಹಿಡಿಕೆ ಬಿಡಬೇಡಿ. ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತವಾದ ಕಾಲ. ವಲಸೆ ಹಕ್ಕಿಗಳೂ ಇರುತ್ತವೆ. ಊರಿನ ಮೀನುಗಾರರನ್ನು ಕೇಳಿ, ಇಳಿತ ಮುಗಿಯುವ ಹೊತ್ತಿಗೆ ಅಲ್ಲಿರಿ. ಎರಡು ಗಂಟೆ ಕಾದರೆ ಕೆಸರೂ ಕಾಣುತ್ತದೆ, ನೀರು ಏರುವುದೂ ಕಾಣುತ್ತದೆ. ಟೊಪ್ಪಿಗೆ, ಕುಡಿಯುವ ನೀರು, ಇದ್ದರೆ ಒಂದು ದುರ್ಬೀನು ಸಾಕು. ತಿಂಡಿ ಹೊರಗೆ ಬಂದು ತಿನ್ನಿ. ಮಕ್ಕಳೇ, ಎಲೆ ಕೀಳಬೇಡಿ, ಕೂಗಬೇಡಿ. ಜುಲೈ 26 ವಿಶ್ವ ಕಾಂಡ್ಲಾ ದಿನ. ಶಾಲೆಯಲ್ಲಿ ಅವತ್ತು ನೀವು ನೋಡಿದ್ದನ್ನು ಹೇಳಬಹುದು.

ಮರುದಿನ

ಮರುದಿನ ಬೆಳಗ್ಗೆ ಚಿಕ್ಕವನೇ ನನ್ನನ್ನು ಎಬ್ಬಿಸಿದ. “ಅಜ್ಜಾ, ಆ ಮೂಲೆ ತೋರಿಸು.”

ಗಜನಿ ಈಗ ನಮ್ಮದಲ್ಲ. ಕಟ್ಟೆಗೆ ಕಲ್ಲು ಕಟ್ಟಿದ್ದಾರೆ. ಆ ಕಡೆ ಹೋಗದೆ ನನಗೂ ವರ್ಷಗಳೇ ಆಗಿದ್ದವು. ಮಕ್ಕಳ ಕೈ ಹಿಡಿದು ಕಟ್ಟೆಯ ಮೇಲೆ ನಡೆದು ಮೂಲೆಗೆ ಬಂದೆ. ನೀರು ಇಳಿದಿತ್ತು. ಕಲ್ಲಿನ ಬುಡದ ಕೆಸರಿನಲ್ಲಿ ಮೊಣಕಾಲೆತ್ತರದ ಕಾಂಡ್ಲಾ ಸಸಿಗಳು ನಿಂತಿದ್ದವು. ಅವು ಸಾಲಾಗಿರಲಿಲ್ಲ, ಅಲ್ಲೊಂದು ಇಲ್ಲೊಂದು ಇದ್ದವು. ಯಾರೂ ನೆಟ್ಟದ್ದಲ್ಲ. ಎಲ್ಲಿಂದಲೋ ತೇಲಿ ಬಂದು ನಾಟಿಕೊಂಡವು.

ಚಿಕ್ಕವನು ಹದಿನೇಳು ಎಂದ. ದೊಡ್ಡವಳು ಹತ್ತೊಂಬತ್ತು ಎಂದಳು. ಜಗಳವಾಡಿ ಮತ್ತೆ ಎಣಿಸಿದರು. ಹದಿನೆಂಟಕ್ಕೆ ಇಬ್ಬರೂ ಒಪ್ಪಿದರು.

ಈಗ ಪ್ರತಿ ಭಾನುವಾರ ಬೆಂಗಳೂರಿನಿಂದ ಫೋನು ಬರುತ್ತದೆ. “ಅಜ್ಜಾ, ಎಷ್ಟಿವೆ?” ಎಂಬುದೇ ಮೊದಲ ಪ್ರಶ್ನೆ. ಅದಕ್ಕಾಗಿ ನಾನು ಪ್ರತಿ ಶನಿವಾರ ಸಂಜೆ ಕಟ್ಟೆಗೆ ಹೋಗಿ ಎಣಿಸಿ ಬರುತ್ತೇನೆ. ಹೋದ ವಾರ ಹದಿನೇಳೇ ಇದ್ದವು. ಒಂದನ್ನು ದನ ಮೇಯ್ದಿತ್ತು. ಮುಚ್ಚಿಡದೆ ಹೇಳಿದೆ.

“ಬೇಲಿ ಕಟ್ಟು ಅಜ್ಜಾ” ಎಂದ.

ಗದ್ದೆಯ ಯಜಮಾನರನ್ನು ಕೇಳಿಕೊಂಡು ಬಿದಿರಿನ ಬೇಲಿ ಕಟ್ಟಿದ್ದೇನೆ.